ಮೆತ್ತನೆ ನಾದಕ್ಕೆ ಮೆತ್ತನೆ ರೀಡ್ ಸಾಕೇ? ಒಬ್ಬ ಟೆನರ್ ಸ್ಯಾಕ್ಸೋಫೋನ್ ವಾದಕರ ಪ್ರಕರಣ

ಟೆನರ್ ಸ್ಯಾಕ್ಸೋಫೋನ್ ನುಡಿಸುವ ಹವ್ಯಾಸಿ ವಾದಕರೊಬ್ಬರ ದೂರು ಒಂದೇ ಸಾಲಿನದು: “ಸರ್, ರೀಡ್ ಮೆತ್ತಗಾದಷ್ಟೂ ನಾದ ಒರಟಾಗ್ತಿದೆ.” ರೀಡ್ ಎಂದರೆ ಬಾಯಿಗಿಡುವ ಮೌತ್‌ಪೀಸಿಗೆ ಕಟ್ಟುವ ತೆಳ್ಳನೆ ಜೊಂಡಿನ ಪಟ್ಟಿ, ಅದು ಕಂಪಿಸಿಯೇ ನಾದ ಹುಟ್ಟುವುದು.

ಅವರಿಗೆ ಬೇಕಿದ್ದದ್ದು ನಿಧಾನಗತಿಯ ಬ್ಯಾಲಡ್‌ಗಳಲ್ಲಿ ಕೇಳಿಬರುವ, ಉಸಿರು ಬೆರೆತ ನಾದ. ಜಾಝ್ ವಾದಕರು ಸಬ್‌ಟೋನ್ ಎನ್ನುವುದು ಇದನ್ನೇ. ಬೆನ್ ವೆಬ್‌ಸ್ಟರ್ (1909–1973) ಎಂಬ ಅಮೆರಿಕನ್ ಟೆನರ್ ವಾದಕರು ನುಡಿಸಿದ್ದನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸ್ವರ ಹುಟ್ಟುವ ಮೊದಲೇ ಗಾಳಿ ಕೇಳುತ್ತದೆ, ಸ್ವರ ಮುಗಿದ ಮೇಲೂ ಗಾಳಿ ಸ್ವಲ್ಪ ಹೊತ್ತು ಉಳಿಯುತ್ತದೆ. ಎಲ್ಲಿ ಗಾಳಿ ಮುಗಿದು ಎಲ್ಲಿ ಸ್ವರ ಮೊದಲಾಯಿತು ಎಂದು ಗೆರೆ ಎಳೆದು ತೋರಿಸಲಾಗದು. ಆ ನಾದಕ್ಕಾಗಿ ಇವರು ಮಾಡಿದ್ದು ಬಹಳ ಜನ ಮಾಡುವುದನ್ನೇ. ನಂಬರು ಚಿಕ್ಕದಾದಷ್ಟೂ ರೀಡ್ ಮೆತ್ತಗೆ. 3ನೇ ನಂಬರಿನ ರೀಡ್ ಬಿಟ್ಟು 2½ಕ್ಕೆ ಇಳಿದರು, ಅಲ್ಲಿಂದ 2ಕ್ಕೆ, ಕೊನೆಗೆ 1½ಕ್ಕೆ. ಒಂದೊಂದು ಮೆಟ್ಟಿಲು ಇಳಿದಾಗಲೂ ಮೊದಲ ದಿನ ಸುಲಭ ಅನ್ನಿಸಿತು. ಆಮೇಲೆ ಅದೇ ಕಿರಿಕಿರಿ.

ನನ್ನೆದುರು ಅವರು ನುಡಿಸಿದಾಗ ಕೇಳಿದ್ದು ಇಷ್ಟು. ಮಂದ್ರದ ಬಿ ಫ್ಲಾಟ್, ಬಿ, ಸಿ ಸ್ವರಗಳು ಮೆಲ್ಲಗೆ ಹಿಡಿದರೆ ಬರುತ್ತಲೇ ಇರಲಿಲ್ಲ. ಬಂದರೆ ಥಟ್ಟನೆ ಮೇಲಿನ ಆಕ್ಟೇವ್‌ಗೆ ಹಾರುತ್ತಿದ್ದವು, ಇಲ್ಲವೇ ಬಾಚಣಿಗೆಗೆ ಕಾಗದ ಸುತ್ತಿ ಊದಿದ ಹಾಗೆ ಝರ್ ಎನ್ನುತ್ತಿದ್ದವು. ಮಧ್ಯದ ಸ್ವರಗಳಲ್ಲಿ ಗಾಳಿಯ ಸದ್ದೇನೋ ಇತ್ತು, ಆದರೆ ಅದು ನಾದದ ಒಳಗಿರಲಿಲ್ಲ. ನಾದ ಒಂದು ಕಡೆ, ಸುಯ್ಯೆನ್ನುವ ಸದ್ದು ಇನ್ನೊಂದು ಕಡೆ. ಮೇಲಿನ ಡಿ, ಇ, ಎಫ್ ತೆಳ್ಳಗಾಗಿ ಶ್ರುತಿ ಇಳಿದಿದ್ದವು. ಅದನ್ನು ಸರಿದೂಗಿಸಲು ಮೌತ್‌ಪೀಸನ್ನು ಕಾರ್ಕಿನ ಮೇಲೆ ಸಾಕಷ್ಟು ಒಳಗೆ ತಳ್ಳಿದ್ದರು, ಅದರಿಂದ ಮಧ್ಯದ ಸ್ವರಗಳು ಶ್ರುತಿಗಿಂತ ಮೇಲೆದ್ದಿದ್ದವು. ಒಂದನ್ನು ಸರಿ ಮಾಡಲು ಹೋದರೆ ಮತ್ತೊಂದು ಕೆಡುವ ಸ್ಥಿತಿ.

ಮೌತ್‌ಪೀಸ್ ಒಟ್ಟೋ ಲಿಂಕ್ ಕಂಪನಿಯ ಗಟ್ಟಿ ರಬ್ಬರಿನದು, ನಂಬರ್ 7 ಸ್ಟಾರ್. ಅದರ ತುದಿಯ ತೆರಪು (ರೀಡಿಗೂ ಮೌತ್‌ಪೀಸಿನ ತುದಿಗೂ ನಡುವಿನ ಸಂದು) 0.105 ಇಂಚು, ಅಂದರೆ ಸುಮಾರು 2.67 ಮಿಲಿಮೀಟರ್. ಈ ಸಂಖ್ಯೆ ಮುಂದಿನ ಪ್ರತಿ ತೀರ್ಮಾನಕ್ಕೂ ಆಧಾರ. ತೆರಪು ಹೆಚ್ಚಿದ್ದರೆ ರೀಡ್ ಹೆಚ್ಚು ಬಾಗಬೇಕು, ಹಾಗಾಗಿ ಅದೇ ನಂಬರಿನ ರೀಡ್ ಕಿರಿದಾದ ಮೌತ್‌ಪೀಸಿಗಿಂತ ಇಲ್ಲಿ ಗಡುಸಾಗಿ ತೋರುತ್ತದೆ. 3ನೇ ನಂಬರ್ ಇವರಿಗೆ ಭಾರವಾಗಿದ್ದದ್ದು ಸಹಜ. ಅಲ್ಲಿಂದ ಇಳಿದದ್ದೂ ಸರಿಯೇ. ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಅಷ್ಟೆ.

ಮೆತ್ತನೆ ರೀಡ್ ಯಾಕೆ ಝರ್ ಎನ್ನುತ್ತದೆ

ರೀಡ್ ಕೆಲಸ ಮಾಡುವುದು ಕವಾಟವಾಗಿ. ಒಂದೊಂದು ಕಂಪನದಲ್ಲೂ ಅದು ಮೌತ್‌ಪೀಸಿನ ತುದಿಯತ್ತ ಬಾಗಿ ಗಾಳಿಯ ದಾರಿಯನ್ನು ಕಿರಿದಾಗಿಸುತ್ತದೆ, ಮತ್ತೆ ತೆರೆಯುತ್ತದೆ. ಜೋರಾಗಿ ಊದಿದಾಗ ಪ್ರತಿ ಸುತ್ತಿನಲ್ಲೂ ಅದು ತುದಿಗೆ ಬಡಿದು ಪೂರ್ತಿ ಮುಚ್ಚಿಕೊಳ್ಳುತ್ತದೆ. ಗಾಳಿಯ ಹರಿವು ಹಾಗೆ ಕತ್ತರಿಸಿದಂತೆ ನಿಂತು ಹೊರಟಾಗ ಮೇಲಿನ ಹಾರ್ಮಾನಿಕ್‌ಗಳು (ಮೂಲ ಸ್ವರದ ಜೊತೆ ಏಳುವ ಮೇಲಿನ ಸ್ವರಾಂಶಗಳು) ದಂಡಿಯಾಗಿ ಹುಟ್ಟುತ್ತವೆ. ಸ್ಯಾಕ್ಸೋಫೋನಿನ ಝಳಪು, ಖಾರ ಎಲ್ಲ ಅಲ್ಲಿಂದ ಬರುವುದು. ಮೆಲ್ಲಗೆ ಊದಿದಾಗ ರೀಡ್ ಪೂರ್ತಿ ಮುಚ್ಚುವುದಿಲ್ಲ. ಗಾಳಿ ನಿಲ್ಲದೆ ಹರಿಯುತ್ತಲೇ ಏರಿಳಿಯುತ್ತದೆ. ಆಗ ಮೂಲ ಸ್ವರವೇ ಪ್ರಧಾನವಾಗಿ, ಮೇಲಿನ ಹಾರ್ಮಾನಿಕ್‌ಗಳು ಹಿಂದೆ ಸರಿಯುತ್ತವೆ. ಕಿರಿದಾದ ಸಂದಿನಲ್ಲಿ ಸದಾ ಹರಿಯುವ ಗಾಳಿಯ ಸುಳಿಗಳೇ ನಮಗೆ ಉಸಿರಿನ ಸದ್ದಾಗಿ ಕೇಳುತ್ತವೆ. ಹಾರ್ಮಾನಿಕ್‌ಗಳು ಕಡಿಮೆಯಾದ್ದರಿಂದ ಆ ಸದ್ದನ್ನು ಮುಚ್ಚಿಹಾಕುವಂಥದ್ದು ಏನೂ ಉಳಿದಿರುವುದಿಲ್ಲ.

ಹೀಗಾಗಿ ಉಸಿರು ಬೆರೆತ ನಾದಕ್ಕೆ ಎರಡು ಗುಣ ಒಟ್ಟಿಗೆ ಬೇಕು. ರೀಡ್ ತೀರಾ ಕಡಿಮೆ ಒತ್ತಡದಲ್ಲೂ ಕಂಪಿಸತೊಡಗಬೇಕು. ಅಷ್ಟೇ ಬೇಗ ಮುಚ್ಚಿಕೊಳ್ಳಲೂ ಬಾರದು. ಅತಿ ಮೆತ್ತನೆಯ ರೀಡ್ ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕಿತ್ತುಕೊಳ್ಳುತ್ತದೆ. ಸ್ವಲ್ಪ ಗಾಳಿ ಹೆಚ್ಚಿದರೂ ಅದು ತುದಿಗೆ ಬಡಿಯುತ್ತದೆ, ಝರ್ ಎನ್ನುತ್ತದೆ. ಝರ್ ಎನ್ನದಿರಲಿ ಎಂದು ವಾದಕರು ಗಾಳಿ ಕಡಿಮೆ ಮಾಡುತ್ತಾರೆ, ಗಾಳಿ ಕಡಿಮೆಯಾದರೆ ಮಂದ್ರದ ಸ್ವರ ನಿಲ್ಲುವುದಿಲ್ಲ. ಇವರ 1½ ನಂಬರಿನ ರೀಡಿನಲ್ಲಿ ಆಗುತ್ತಿದ್ದದ್ದು ಅಕ್ಷರಶಃ ಇದೇ. ಸ್ವರ ಹುಟ್ಟುವ ಒತ್ತಡಕ್ಕೂ ರೀಡ್ ಮುಚ್ಚುವ ಒತ್ತಡಕ್ಕೂ ನಡುವೆ ಅವರಿಗೆ ಆಡಲು ಜಾಗವೇ ಉಳಿದಿರಲಿಲ್ಲ.

ನಾನು ಈ ವಿಷಯದಲ್ಲಿ ಗಟ್ಟಿಯಾಗಿ ನಂಬುವುದು ಒಂದನ್ನು. ಈ ನಾದಕ್ಕೆ ರೀಡಿನ ನಂಬರಿಗಿಂತ ಅದರ ಎರಡೂ ಪಕ್ಕಗಳ ಸಮತೋಲ ದೊಡ್ಡದು. ಎಡ ಬಲ ಒಂದೇ ಸಮನೆ ಬಾಗುವ 2½ರ ರೀಡ್, ಒಂದು ಪಕ್ಕ ಸೆಟೆದುಕೊಂಡ 2ರ ರೀಡಿಗಿಂತ ಮೆಲ್ಲಗೆ ನುಡಿಯುತ್ತದೆ. ಜೋರಾಗಿ ಊದುವವರಿಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದು, ಗಾಳಿಯ ಬಲ ಅದನ್ನು ಮುಚ್ಚಿಬಿಡುತ್ತದೆ. ಮೆಲ್ಲಗೆ ಊದುವಾಗ ಅಡಗಿಕೊಳ್ಳಲು ಜಾಗವಿಲ್ಲ.

ರೀಡ್ ಮುಟ್ಟುವ ಮೊದಲು

ಮಂದ್ರದ ಸ್ವರ ಬಾರದಿದ್ದರೆ ಮೊದಲು ವಾದ್ಯವನ್ನು ನೋಡಬೇಕು. ಕೊಳವೆಯೊಳಗೆ ಲೀಕ್ ಲೈಟ್ (ಸೋರಿಕೆ ತೋರಿಸುವ ದೀಪ) ಇಳಿಬಿಟ್ಟು ಕೀಲಿಗಳನ್ನು ಒಂದೊಂದಾಗಿ ಒತ್ತುತ್ತಾ ಬಂದೆ. ರಂಧ್ರ ಮುಚ್ಚುವ ಪ್ಯಾಡುಗಳು ಹೆಚ್ಚೂಕಡಿಮೆ ಚೆನ್ನಾಗಿದ್ದವು. ಆದರೆ ಮಂದ್ರದ ಬಿ ಫ್ಲಾಟ್ ಒತ್ತಿದಾಗ ಮೇಲೆ ಜಿ ಶಾರ್ಪ್ ಪ್ಯಾಡಿನ ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಇಂದಿನ ಸ್ಯಾಕ್ಸೋಫೋನುಗಳಲ್ಲಿ ಎಡಗೈ ಕಿರುಬೆರಳಿನ ಮಂದ್ರದ ಕೀಲಿಗಳು ಜಿ ಶಾರ್ಪ್ ಕೀಲಿಗೆ ಜೋಡಿಸಿಕೊಂಡಿರುತ್ತವೆ. ಅವನ್ನು ಒತ್ತಿದಾಗ ಜಿ ಶಾರ್ಪ್ ಪ್ಯಾಡ್ ಏಳದಂತೆ ಹಿಡಿದಿಡುವುದು ಬಲಗೈ ಕೀಲಿಗಳ ಸಾಲಿಗೆ ಸೇರಿದ ಒಂದು ಪುಟ್ಟ ತೋಳು, ಅದರ ಮೇಲೊಂದು ಪುಟ್ಟ ಸ್ಕ್ರೂ. ಆ ಸ್ಕ್ರೂ ಸ್ವಲ್ಪ ಸಡಿಲಾದರೆ ಸಾಕು, ಬೇರೆಲ್ಲ ಸ್ವರ ಸರಿಯಿದ್ದು ಮಂದ್ರದ ಕೊನೆಯ ಕೆಲವು ಸ್ವರ ಮಾತ್ರ ಕೆಡುತ್ತವೆ.

ಸ್ಕ್ರೂವನ್ನು ತುಸು ಬಿಗಿ ಮಾಡಿದಾಗ ಬೆಳಕು ಮರೆಯಾಯಿತು. ತುಸುವೇ, ಏಕೆಂದರೆ ಹೆಚ್ಚು ಬಿಗಿಯಾದರೆ ಬಲಗೈ ಸಾಲಿನ ಪ್ಯಾಡುಗಳೇ ಪೂರ್ತಿ ಕೂರದೆ ಎಫ್‌ನಿಂದ ಕೆಳಗಿನದೆಲ್ಲ ಹಾಳಾಗುತ್ತದೆ. ಹಾರಿಹೋಗುತ್ತಿದ್ದ ಬಿ ಫ್ಲಾಟ್ ಆಗಲೇ ನಿಂತಿತು. ಝರ್ ಸದ್ದು ಹಾಗೇ ಇತ್ತು. ರೀಡಿನ ಪಾಲು ಎಷ್ಟು, ವಾದ್ಯದ ಪಾಲು ಎಷ್ಟು ಎಂಬುದು ಹೀಗೆ ಬೇರೆಯಾಯಿತು. ಈ ಹೆಜ್ಜೆ ಬಿಟ್ಟು ರೀಡ್ ಉಜ್ಜಲು ಕೂತಿದ್ದರೆ ಒಳ್ಳೆಯ ರೀಡುಗಳೆಲ್ಲ ಸುಮ್ಮನೆ ಬಲಿಯಾಗುತ್ತಿದ್ದವು.

ಮೌತ್‌ಪೀಸಿನ ತುದಿ, ಅಕ್ಕಪಕ್ಕದ ಅಂಚು, ರೀಡ್ ಕೂರುವ ಟೇಬಲ್ ಎಲ್ಲ ಚೆನ್ನಾಗಿದ್ದವು. ರೀಡನ್ನು ಕಟ್ಟುವ ಪಟ್ಟಿಯಾದ ಲಿಗೇಚರ್ ಬಗ್ಗೆ ಹೇಳಲು ಹೆಚ್ಚಿಲ್ಲ. ಅಲುಗದಷ್ಟು ಬಿಗಿ ಇದ್ದರೆ ಸಾಕು.

ಯಾವ ರೀಡ್

ಸ್ಯಾಕ್ಸೋಫೋನ್ ರೀಡ್ ಮಾಡುವುದು ಅರುಂಡೋ ಡೋನಾಕ್ಸ್ ಎಂಬ ಜೊಂಡಿನಿಂದ. ಫ್ರಾನ್ಸಿನ ದಕ್ಷಿಣದ ವಾರ್ ಪ್ರದೇಶದ ಬೆಳೆ ಇದಕ್ಕೆ ಹೆಸರುವಾಸಿ. ಪೊಟ್ಟಣದ ಮೇಲಿನ ನಂಬರು ರೀಡ್ ಎಷ್ಟು ದಪ್ಪ ಎಂದು ಹೇಳುತ್ತದೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಒಂದೇ ಮಾದರಿಯ ರೀಡುಗಳನ್ನೆಲ್ಲ ಒಂದೇ ಅಳತೆಗೆ ಕೊಯ್ಯುತ್ತಾರೆ. ಆಮೇಲೆ ಯಂತ್ರದಲ್ಲಿ ಬಾಗಿಸಿ, ಯಾವುದು ಎಷ್ಟು ಸೆಣಸಿತು ಎಂದು ನೋಡಿ ನಂಬರು ಕೊಡುತ್ತಾರೆ. ಜೊಂಡಿನ ನಾರು ಬಿಗಿಯಾಗಿದ್ದರೆ ದೊಡ್ಡ ನಂಬರು, ಸಡಿಲವಾಗಿದ್ದರೆ ಚಿಕ್ಕದು. ಆ ಅಳತೆ ಇಡೀ ರೀಡಿನ ಒಟ್ಟು ಸೆಣಸಾಟವನ್ನು ಹೇಳೀತೇ ಹೊರತು ಎಡ ಪಕ್ಕ ಬಲ ಪಕ್ಕದ ಹೊಂದಾಣಿಕೆಯನ್ನಲ್ಲ. ಒಂದೇ ಪೊಟ್ಟಣದ ರೀಡುಗಳು ಬೇರೆ ಬೇರೆಯಾಗಿ ನುಡಿಯುವುದು ಇದಕ್ಕೇ. ಕಂಪನಿಯಿಂದ ಕಂಪನಿಗೂ ನಂಬರು ಹೊಂದುವುದಿಲ್ಲ. ರೀಕೋ ಕಿತ್ತಳೆ ಪೊಟ್ಟಣದ 2½ ಸಾಮಾನ್ಯವಾಗಿ ವ್ಯಾಂಡೋರೆನ್ 2½ಕ್ಕಿಂತ ಮೆತ್ತಗೆ.

ಕೊಯ್ತದ ವಿಷಯ ಇನ್ನೂ ಮುಖ್ಯ. ಸಿಪ್ಪೆ ಉಳಿದಿರುವ ಹಿಂಭಾಗ, ಸಿಪ್ಪೆ ಹೆರೆದ ಇಳಿಜಾರು, ಇಳಿಜಾರಿನ ನಡುವೆ ದಪ್ಪಗಿರುವ ಹೃದಯಭಾಗ, ಮುಂದೆ 0.1 ಮಿಲಿಮೀಟರಿನ ಆಸುಪಾಸಿನಷ್ಟು ತೆಳ್ಳಗಾಗುವ ತುದಿ: ಎಲ್ಲ ರೀಡಿನಲ್ಲೂ ಇರುವುದು ಇವೇ. ಇವುಗಳ ಪ್ರಮಾಣ ಬೇರೆಯಾದಂತೆ ನಾದ ಬೇರೆಯಾಗುತ್ತದೆ. ವ್ಯಾಂಡೋರೆನ್‌ನ ಸಾಂಪ್ರದಾಯಿಕ ನೀಲಿ ಪೊಟ್ಟಣದ ರೀಡಿಗೆ ತುದಿ ಬಲು ತೆಳ್ಳಗೆ, ನಡು ಗಟ್ಟಿ. 1983ರಲ್ಲಿ ಬಂದ ಹಸಿರು ಪೊಟ್ಟಣದ ಜಾವಾದಲ್ಲಿ ತುದಿ ಕೊಂಚ ದಪ್ಪ, ಇಳಿಜಾರು ಹೆಚ್ಚು ಬಳುಕುತ್ತದೆ. 1993ರ ವಿ16ರಲ್ಲಿ ತುದಿ ಇನ್ನೂ ದಪ್ಪ. ಫೈಲ್ಡ್ ಮತ್ತು ಅನ್‌ಫೈಲ್ಡ್ ಎಂಬ ಭೇದವೂ ಇದೆ. ಸಿಪ್ಪೆ ಮತ್ತು ಇಳಿಜಾರು ಸೇರುವ ಕಡೆ ಅಡ್ಡಕ್ಕೆ ನೇರ ಗೆರೆ ಬರುವಂತೆ ಸಿಪ್ಪೆಯನ್ನು ಇನ್ನಷ್ಟು ಹೆರೆದಿದ್ದರೆ ಫೈಲ್ಡ್. ಸಿಪ್ಪೆ ಬಾಗಿದ ಅಂಚಿನಲ್ಲೇ ನಿಂತಿದ್ದರೆ ಅನ್‌ಫೈಲ್ಡ್. ಫೈಲ್ಡ್ ರೀಡ್ ಬೇಗ ನುಡಿಯುತ್ತದೆ, ಅನ್‌ಫೈಲ್ಡ್ ರೀಡಿನಲ್ಲಿ ಸ್ವಲ್ಪ ತಡೆ ಇದ್ದು ನಾದ ಗುಂಡಗಿರುತ್ತದೆ.

ಈ ವಾದಕರಿಗೆ ಹೊಂದುವಂಥದ್ದು ಅನ್‌ಫೈಲ್ಡ್ ಎಂದು ನನಗೆ ಮೊದಲೇ ಅನ್ನಿಸಿತ್ತು. ಅವರ ಮೌತ್‌ಪೀಸ್ ವಿಶಾಲ, ತುಟಿ ಹಿಡಿತ ಸಡಿಲ, ಬೇಕಾದದ್ದು ಮಂದ್ರ. ಬೇಗ ನುಡಿಯುವ ಫೈಲ್ಡ್ ರೀಡಿನ ಚುರುಕು ಅವರಿಗೆ ಝಳಪಾಗಿಯೇ ಕೇಳಿಸುತ್ತಿತ್ತು. ಲಾ ವೋಝ್ ಮೀಡಿಯಂ ಸಾಫ್ಟ್ ತರಿಸಿದೆವು. ಆ ರೀಡುಗಳಿಗೆ ನಂಬರಿಲ್ಲ, ಸಾಫ್ಟ್‌ನಿಂದ ಹಾರ್ಡ್‌ವರೆಗೆ ಹೆಸರಿನ ದರ್ಜೆ. ಹೋಲಿಸಿ ನೋಡಲು ಜಾವಾ 2½ ಕೂಡ ಇಟ್ಟುಕೊಂಡೆವು. 2½ ಎಂದ ಕೂಡಲೇ ಅವರ ಮುಖ ಬಾಡಿತು. “ಅದನ್ನ ಬಿಟ್ಟು ಬಂದೋನು ನಾನು, ಮತ್ತೆ ಅದಕ್ಕೇ ಹೋಗ್ಬೇಕಾ ಸರ್?” ಎಂದರು. ಹೋಗಬೇಕಿತ್ತು. ಹಿಂದೆ ಅವರು ಬಿಟ್ಟುಬಂದ 2½ ರೀಡ್ ಗಡುಸಾಗಿದ್ದದ್ದಕ್ಕಿಂತ ವಾಲಿದ್ದೇ (ಒಂದು ಪಕ್ಕ ಸೆಟೆದಿದ್ದೇ) ಹೆಚ್ಚು ಎಂಬ ಅನುಮಾನ ನನಗಿತ್ತು. ಅದೃಷ್ಟಕ್ಕೆ ಅವರು ಒಂದನ್ನೂ ಎಸೆದಿರಲಿಲ್ಲ.

ಎಲ್ಲ ರೀಡುಗಳನ್ನೂ ನೋಡಿದ ಕ್ರಮ ಒಂದೇ. ಒಂದೆರಡು ನಿಮಿಷ ಶುದ್ಧ ನೀರಿನಲ್ಲಿ ನೆನೆಸಿ, ಮೌತ್‌ಪೀಸಿಗೆ ಕಟ್ಟಿ, ಹಿಂಬದಿಯ ರಂಧ್ರವನ್ನು ಅಂಗೈಯಿಂದ ಮುಚ್ಚಿ ಗಾಳಿ ಹೀರಿ ಬಾಯಿ ತೆಗೆದಾಗ, ರೀಡ್ ತುದಿಗೆ ಅಂಟಿಕೊಂಡು ಕ್ಷಣ ಹೊತ್ತು ನಿಂತು ಟಪ್ ಎಂದು ಬಿಡಬೇಕು. ಬಿಡದೆ ಸುಯ್ಯನೆ ಗಾಳಿ ಸೋರಿದರೆ ರೀಡಿನ ಬೆನ್ನು, ಅಂದರೆ ಮೌತ್‌ಪೀಸಿಗೆ ಒರಗುವ ಚಪ್ಪಟೆ ಬದಿ, ಡೊಂಕಾಗಿದೆ ಎಂದರ್ಥ. ಅವರ ಹಳೆಯ 2ರ ರೀಡುಗಳಲ್ಲಿ ಕೆಲವು ಇಲ್ಲೇ ಸಿಕ್ಕಿಬಿದ್ದವು. ಅವುಗಳ ಸುಯ್ಯೆನ್ನುವ ಸದ್ದನ್ನೇ ಅವರು ಉಸಿರಿನ ನಾದ ಎಂದುಕೊಂಡಿದ್ದರು. ಪಕ್ಕದಿಂದ ಸೋರುವ ಗಾಳಿಗೂ ತುದಿಯ ಸಂದಿನಲ್ಲಿ ಹರಿಯುವ ಗಾಳಿಗೂ ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಸೋರುವುದು ಸ್ವರದ ಜೊತೆ ಏರಿಳಿಯುವುದಿಲ್ಲ. ಸ್ವರ ಏನೇ ಮಾಡಿದರೂ ಅದು ಒಂದೇ ಸಮ ಇರುತ್ತದೆ.

ಆಮೇಲೆ ನಿಜವಾದ ಪರೀಕ್ಷೆ. ಮಂದ್ರದ ಎಫ್ ಬೆರಳಿಟ್ಟು, ನಾಲಿಗೆ ಮುಟ್ಟಿಸದೆ, ಬರೀ ಗಾಳಿ ಬಿಡುತ್ತಾ ಹೋಗಬೇಕು. ಮೊದಲು ಗಾಳಿಯ ಸದ್ದು ಮಾತ್ರ. ಗಾಳಿಯನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತಾ ಹೋದಾಗ ಸ್ವರ ಅದರೊಳಗಿಂದ ಎದ್ದು ಬರಬೇಕು. ಒಳ್ಳೆಯ ರೀಡಿನಲ್ಲಿ ಅದು ಎದ್ದದ್ದೇ ಗೊತ್ತಾಗುವುದಿಲ್ಲ. ವಾಲಿದ ರೀಡಿನಲ್ಲಿ ಗಾಳಿ, ಗಾಳಿ, ಗಾಳಿ, ಆಮೇಲೆ ಥಟ್ ಎಂದು ಸ್ವರ ಸಿಡಿಯುತ್ತದೆ. ಎಫ್‌ನಿಂದ ಬಿ ಫ್ಲಾಟ್‌ವರೆಗೆ ಒಂದೊಂದಾಗಿ ಇಳಿಯುತ್ತಾ ಇದನ್ನೇ ಮಾಡಿದರೆ ಆ ರೀಡಿನ ಯೋಗ್ಯತೆ ತಿಳಿದುಹೋಗುತ್ತದೆ. ಟೆನರಿನ ಆ ಕೊನೆಯ ಬಿ ಫ್ಲಾಟ್ ಸುಮಾರು 104 ಹರ್ಟ್ಸ್. ಅಷ್ಟು ಉದ್ದದ ಗಾಳಿಯ ಕಂಬವನ್ನು ಮೆಲ್ಲಗೆ ಅಲುಗಿಸಬಲ್ಲ ರೀಡ್ ಮಿಕ್ಕದ್ದನ್ನೆಲ್ಲ ಸಲೀಸಾಗಿ ಮಾಡುತ್ತದೆ.

ಲಾ ವೋಝ್ ರೀಡುಗಳಲ್ಲಿ ಒಂದು ಪೊಟ್ಟಣದಿಂದ ತೆಗೆದ ಹಾಗೇ ಈ ಪರೀಕ್ಷೆ ದಾಟಿತು. ಅದನ್ನು ಬದಿಗಿಟ್ಟೆವು. ಚೆನ್ನಾಗಿರುವ ರೀಡನ್ನು ಇನ್ನಷ್ಟು ಚೆನ್ನ ಮಾಡಲು ಹೋಗಬಾರದು. ಜಾವಾಗಳಲ್ಲಿ ಬಹುತೇಕ ಎಲ್ಲವೂ ಮಂದ್ರದ ಡಿವರೆಗೆ ಚೆನ್ನಾಗಿ ಬಂದು ಅಲ್ಲಿಂದ ಕೆಳಗೆ ಸಿಡಿಯುತ್ತಿದ್ದವು.

ಒಂದು ಜಾವಾ ರೀಡಿನ ಮೇಲೆ ನಡೆದ ಕೆಲಸ

ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಕೆಲಸವಿರುವುದು ಇಲ್ಲೇ.

ರೀಡನ್ನು ದೀಪಕ್ಕೆ ಹಿಡಿದಾಗ ಹೃದಯಭಾಗದ ನೆರಳು ತುದಿಯ ಕಡೆಗೆ ಕಿರಿದಾಗುತ್ತಾ ಕಮಾನಿನ ಆಕಾರದಲ್ಲಿ ಕಂಡಿತು. ಅದು ಎರಡೂ ಕಡೆ ಒಂದೇ ತೆರ ಇಳಿಯಬೇಕು. ಇದರಲ್ಲಿ ಎಡಗಡೆ ನೆರಳು ಅಂಚಿನವರೆಗೂ ಹಬ್ಬಿತ್ತು. ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಿ ಉಜ್ಜಬಾರದು. ನಾರಿನ ಬಿಗಿತ ಕಣ್ಣಿಗೆ ಕಾಣುವುದಿಲ್ಲ, ಬಾಯಿಗೆ ತಿಳಿಯುತ್ತದೆ. ಮೌತ್‌ಪೀಸನ್ನು ಬಾಯಲ್ಲೇ ಕೊಂಚ ಓರೆಯಾಗಿಸಿ ಊದಿದರೆ ಕೆಳತುಟಿ ರೀಡಿನ ಒಂದು ಪಕ್ಕವನ್ನು ಒತ್ತಿ ಅಡಗಿಸುತ್ತದೆ, ಇನ್ನೊಂದು ಪಕ್ಕ ಮಾತ್ರ ನುಡಿಯುತ್ತದೆ. ಮಧ್ಯದ ಜಿ ಅಥವಾ ತೆರೆದ ಸಿ ಶಾರ್ಪ್ ಇದಕ್ಕೆ ಅನುಕೂಲ. ಬಲ ಪಕ್ಕ ಮಾತ್ರ ನುಡಿದಾಗ ಸ್ವರ ಸರಾಗ. ಎಡ ಪಕ್ಕ ಮಾತ್ರ ನುಡಿದಾಗ ಸ್ವರ ಉಸಿರುಗಟ್ಟಿದಂತೆ, ಹೆಚ್ಚು ಗಾಳಿ ಕೇಳುತ್ತಾ ಬಂತು. ಕಣ್ಣೂ ಬಾಯಿಯೂ ಒಂದೇ ಮಾತು ಹೇಳಿದವು.

ಮೊದಲು ಬೆನ್ನು. ದಪ್ಪ ಗಾಜಿನ ತುಂಡಿನ ಮೇಲೆ 600 ನಂಬರಿನ ನೀರುಕಾಗದ (ನುಣುಪು ಸ್ಯಾಂಡ್‌ಪೇಪರ್) ಹಾಸಿ, ರೀಡಿನ ಬೆನ್ನನ್ನು ಅದರ ಮೇಲಿಟ್ಟು, ಬೆರಳನ್ನು ಸಿಪ್ಪೆಯ ಭಾಗದ ಮೇಲಷ್ಟೇ ಇಟ್ಟು, ಉದ್ದಕ್ಕೆ ಹಗುರವಾಗಿ ಎಳೆಯಬೇಕು. ಬೆರಳು ತುದಿಯ ಮೇಲೆ ಬಂದರೆ ತುದಿ ತೆಳ್ಳಗಾಗಿ ರೀಡ್ ಮುಗಿಯಿತು. ಬೆನ್ನಿನಲ್ಲಿ ಎಲ್ಲಿ ಹೊಳಪು ಬಂತು, ಎಲ್ಲಿ ಬರಲಿಲ್ಲ ಎಂದು ನೋಡಿದರೆ ತಗ್ಗು ಉಬ್ಬು ತಿಳಿಯುತ್ತದೆ. ಇದರ ಬೆನ್ನು ಬಹುಪಾಲು ಸಮವಾಗಿತ್ತು, ಹೆಚ್ಚು ಬೇಕಾಗಲಿಲ್ಲ.

ಆಮೇಲೆ ಎಡ ಪಕ್ಕ. ಸ್ಯಾಂಡ್‌ಪೇಪರಿನ ಪಟ್ಟಿಯನ್ನು ಚಪ್ಪಟೆ ಕಡ್ಡಿಯೊಂದಕ್ಕೆ ಸುತ್ತಿಕೊಂಡು, ಹೃದಯಭಾಗಕ್ಕೂ ಅಂಚಿಗೂ ನಡುವಿನ ಓಣಿಯಲ್ಲಿ, ಇಳಿಜಾರಿನ ಮುಂದಿನ ಮೂರನೇ ಒಂದು ಭಾಗದಲ್ಲಿ, ನಾರಿನ ಉದ್ದಕ್ಕೆ ತುದಿಯ ಕಡೆಗೆ ಎಳೆದೆ. ಅಡ್ಡಕ್ಕೆ ಉಜ್ಜಿದರೆ ನಾರು ಕಿತ್ತುಬರುತ್ತದೆ. ಒತ್ತಡ ಎಷ್ಟೆಂದರೆ ಕಾಗದ ರೀಡನ್ನು ಮುಟ್ಟಿದ್ದು ಬೆರಳಿಗೆ ತಿಳಿಯಬೇಕು, ಅಷ್ಟೇ. ಎರಡು ಮೂರು ಎಳೆತ, ಒರೆಸಿ ಮತ್ತೆ ಕಟ್ಟಿ ಊದಿ ನೋಡುವುದು. ಬಿಳಿ ಪುಡಿ ಕಾಗದದ ಮೇಲೆ ಕಾಣಿಸಿದರೆ ಆ ಸರದಿಗೆ ಸಾಕು. ಮೊದಲ ಸರದಿಯಲ್ಲಿ ಏನೂ ಬದಲಾಗಲಿಲ್ಲ. ಇನ್ನೂ ಕೆಲವು ಸರದಿಯಾದ ಮೇಲೆ ಓರೆ ಮಾಡಿ ಊದಿದಾಗ ಎರಡೂ ಪಕ್ಕ ಹತ್ತಿರ ಹತ್ತಿರ ಬಂದವು. ಪೂರ್ತಿ ಒಂದೇ ಆಗುವವರೆಗೆ ಕಾಯಲಿಲ್ಲ. ಹೊಸ ರೀಡ್ ಪಳಗಿದಂತೆ ತಾನೇ ಸ್ವಲ್ಪ ಸಡಿಲುತ್ತದೆ, ಆ ಅವಕಾಶ ಬಿಟ್ಟಿರಬೇಕು.

ಸಿಡಿಯುತ್ತಿದ್ದ ಮಂದ್ರದ ಸಿ ಈಗ ಗಾಳಿಯೊಳಗಿಂದ ಎದ್ದು ಬಂತು. ಬಿ ಫ್ಲಾಟ್ ಮಾತ್ರ ಇನ್ನೂ ಭಾರ. ಅದಕ್ಕೆ ಇಳಿಜಾರಿನ ಹಿಂಭಾಗದಲ್ಲಿ, ಸಿಪ್ಪೆ ಮುಗಿಯುವ ಗೆರೆಯಿಂದ ಸ್ವಲ್ಪ ಮುಂದೆ, ಎರಡೂ ಅಂಚುಗಳಲ್ಲಿ ಸಮನಾಗಿ ಒಂದೆರಡು ಎಳೆತ. ಮಂದ್ರದ ಸ್ವರಗಳಿಗೆ ಆ ಜಾಗ ಸ್ಪಂದಿಸುತ್ತದೆ ಎಂಬುದು ರೀಡ್ ಕೆಲಸ ಮಾಡುವವರ ರೂಢಿಯ ಅನುಭವ. ಇಲ್ಲೂ ಹಾಗೇ ಆಯಿತು. ಹೃದಯಭಾಗವನ್ನು ಒಮ್ಮೆಯೂ ಮುಟ್ಟಲಿಲ್ಲ. ಈ ನಾದ ಬೇಕೆನ್ನುವವರು ನೆನಪಿಡಬೇಕಾದ ಜಾಗ ಅದು. ಹೃದಯಭಾಗ ತೆಳ್ಳಗಾದರೆ ರೀಡ್ ನೆಟ್ಟಗೆ ನಿಲ್ಲುವ ಶಕ್ತಿ ಕಳೆದುಕೊಂಡು ಮತ್ತೆ ಅದೇ ಝರ್ ಸದ್ದಿಗೆ ಬಂದು ನಿಲ್ಲುತ್ತದೆ, ಅಲ್ಲಿಂದ ವಾಪಸು ದಾರಿಯಿಲ್ಲ.

ಕೊನೆಯ ಹೊಂದಾಣಿಕೆಗೆ ಕಾಗದವೂ ಬೇಕಾಗಲಿಲ್ಲ. ರೀಡನ್ನು ಮೌತ್‌ಪೀಸಿನ ಮೇಲೆ ಕೂರಿಸುವ ಎತ್ತರವೇ ಒಂದು ಹತ್ಯಾರು. ತುದಿಗಿಂತ ತುಸು ಮೇಲೆ ಕೂರಿಸಿದರೆ ರೀಡ್ ಗಡುಸಾಗುತ್ತದೆ, ತುಸು ಕೆಳಗೆ ಕೂರಿಸಿದರೆ ಮೆತ್ತಗಾಗುತ್ತದೆ. ಮೌತ್‌ಪೀಸಿನ ಕಪ್ಪು ತುದಿ ಕೂದಲೆಳೆಯಷ್ಟು ಕಾಣುವಂತೆ ಇಳಿಸಿದಾಗ ಈ ಜಾವಾ ಹದಕ್ಕೆ ಬಂತು. ವಾಲಿದ ರೀಡನ್ನು ಎಡಕ್ಕೋ ಬಲಕ್ಕೋ ಕೂದಲೆಳೆ ಸರಿಸಿಯೂ ಎಷ್ಟೋ ಸಲ ಸಮ ಮಾಡಬಹುದು. ಉಜ್ಜಿದ್ದನ್ನು ಹಿಂದಕ್ಕೆ ತರಲಾಗದು, ಸರಿಸಿದ್ದನ್ನು ತರಬಹುದು. ಹೊಸದಾಗಿ ಕಲಿಯುವವರು ವಾರಗಟ್ಟಲೆ ಇದನ್ನೇ ಮಾಡಿ, ಕಿವಿ ಪಳಗಿದ ಮೇಲೆ ಕಾಗದ ಹಿಡಿದರೆ ಒಳ್ಳೆಯದು.

ಅವರು ಬಿಟ್ಟುಬಂದಿದ್ದ ಹಳೆಯ 2½ಗಳನ್ನೂ ಓರೆ ಮಾಡಿ ಊದಿ ನೋಡಿದೆವು. ಹೆಚ್ಚಿನವು ಒಂದು ಪಕ್ಕಕ್ಕೆ ವಾಲಿದ್ದವೇ. ತೀರಾ ಮೆತ್ತಗಾಗಿದ್ದ 2ರ ರೀಡುಗಳಲ್ಲಿ ಎರಡಕ್ಕೆ ರೀಡ್ ಟ್ರಿಮ್ಮರಿನಿಂದ ತುದಿ ಕತ್ತರಿಸಿದೆವು. ಕೂದಲೆಳೆಯಷ್ಟು ಕತ್ತರಿಸಿದರೂ ತುದಿ ದಪ್ಪಗಾಗಿ ರೀಡ್ ಗಡುಸಾಗುತ್ತದೆ. ಒಂದು ಚೆನ್ನಾಗಿ ಬಂತು. ಇನ್ನೊಂದರ ತುದಿ ಮೊಂಡಾಗಿ, ಮೆಲ್ಲಗಿನ ಆರಂಭವೇ ಸಿಗದಾಯಿತು. ಕತ್ತರಿಸುವುದು ಸತ್ತ ರೀಡನ್ನು ಉಳಿಸುವ ಉಪಾಯವೇ ಹೊರತು ಈ ನಾದಕ್ಕೆ ಹೋಗುವ ದಾರಿಯಲ್ಲ ಎಂದೇ ನನ್ನ ಅಭಿಪ್ರಾಯ. ಸಿಂಥೆಟಿಕ್ ಲೆಜೇರ್ ರೀಡನ್ನೂ ಪ್ರಯತ್ನಿಸಿದರು. ನೆನೆಸುವ ಗೋಜಿಲ್ಲ, ದಿನದಿಂದ ದಿನಕ್ಕೆ ಬದಲಾಗದು, ಮಂದ್ರವೂ ಸಲೀಸು. ಆದರೆ ನನ್ನ ಕಿವಿಗೆ ಅದರ ಮೆಲ್ಲಗಿನ ನಾದ ನುಣುಪಾಗಿತ್ತು, ಉಸಿರಿನ ಒರಟು ಕಡಿಮೆ. ಅವರಿಗೂ ಹಾಗೇ ಅನ್ನಿಸಿತು.

ತುಟಿ ಮತ್ತು ಗಾಳಿ

ರೀಡ್ ಸರಿಹೋದ ಮೇಲೆ ಉಳಿದದ್ದು ಅಭ್ಯಾಸದ ಕೆಲಸ. ಸಬ್‌ಟೋನ್‌ಗೆ ಕೆಳದವಡೆ ಸಡಿಲಬೇಕು, ತುಸು ಹಿಂದೆ ಸರಿಯಬೇಕು, ಕೆಳತುಟಿಯ ಮೆತ್ತನೆ ಭಾಗ ರೀಡಿನ ಮೇಲೆ ಹೆಚ್ಚು ಹರಡಿಕೊಳ್ಳಬೇಕು. ಆ ತುಟಿಯೇ ಮೇಲಿನ ಹಾರ್ಮಾನಿಕ್‌ಗಳನ್ನು ಅಡಗಿಸುವುದು. ಇವರು ಇದನ್ನೆಲ್ಲ ಮಾಡುತ್ತಿದ್ದರು, ಜೊತೆಗೆ ಗಾಳಿಯನ್ನೂ ಕಡಿಮೆ ಮಾಡುತ್ತಿದ್ದರು. 1½ರ ರೀಡ್ ಕಲಿಸಿದ ಚಾಳಿ ಅದು. ಮೆಲ್ಲಗೆ ನುಡಿಸಲು ಗಾಳಿ ಕಡಿಮೆ ಮಾಡಬಾರದು. ಧಾರಾಳವಾಗಿ, ಬೆಚ್ಚಗೆ, ನಿಧಾನವಾಗಿ ಹೊಟ್ಟೆಯ ಆಧಾರದಿಂದಲೇ ಬರಬೇಕು. 2½ರ ರೀಡ್ ಆ ಗಾಳಿಯನ್ನು ತಡೆದುಕೊಂಡಿತು, ಮುಚ್ಚಿಕೊಳ್ಳಲಿಲ್ಲ. ದವಡೆ ಸಡಿಲಾದಾಗ ಶ್ರುತಿ ಇಳಿಯುವುದು ಸಹಜ, ಅದಕ್ಕೆ ಮೌತ್‌ಪೀಸನ್ನು ತುಸು ಒಳಗೆ ತಳ್ಳಬೇಕು. ಹಿಂದಿನಷ್ಟು ಅಲ್ಲ. ಮೇಲಿನ ಸ್ವರಗಳು ಈಗ ತಮ್ಮ ಜಾಗದಲ್ಲೇ ನಿಂತವು.

ಇನ್ನೊಂದು ಮಾತು, ರೀಡಿಗೆ ನೇರ ಸಂಬಂಧವಿಲ್ಲದಿದ್ದರೂ ಇಲ್ಲಿ ಹೇಳಲೇಬೇಕು. ಮೌತ್‌ಪೀಸ್ ಬಾಯಲ್ಲಿರುವ ವಾದಕರಿಗೆ ಕೇಳುವ ಉಸಿರಿನ ಪ್ರಮಾಣ ಕೋಣೆಯ ಆ ತುದಿಯಲ್ಲಿ ಕೂತವರಿಗೆ ಕೇಳುವುದಿಲ್ಲ. ಆ ಸುಯ್ ಸದ್ದು ಬಲು ಮೆಲುವಾದದ್ದು, ದೂರ ಹೋದಂತೆ ಕೋಣೆಯ ಬೇರೆ ಸದ್ದುಗಳಲ್ಲಿ ಕಳೆದುಹೋಗುತ್ತದೆ. ನಮ್ಮ ಕಿವಿಯಲ್ಲಿ ಕೂತಿರುವ ಈ ನಾದದ ಒಂದು ಪಾಲು ಹತ್ತಿರ ಇಟ್ಟ ಮೈಕಿನದು. ಹಾಗಾಗಿ ಅವರು ನುಡಿಸಿದ್ದನ್ನು ಹತ್ತಿರದಿಂದಲೂ ದೂರದಿಂದಲೂ ಧ್ವನಿಮುದ್ರಿಸಿ ಕೇಳಿದೆವು. ಲಾ ವೋಝ್ ಹತ್ತಿರದ ಮೈಕಿನಲ್ಲಿ ಸೊಗಸಾಗಿತ್ತು. ದೂರದಿಂದ ಕೇಳಿದಾಗ ತಿದ್ದಿದ ಜಾವಾ ಮುಂದಿತ್ತು, ಅದರಲ್ಲಿ ಉಸಿರಿನ ಹಿಂದೆ ನಾದದ ತಿರುಳು ಇನ್ನೂ ಇತ್ತು.

ಈಗಿನ ಸ್ಥಿತಿ

ಅವರೀಗ ನಾಲ್ಕು ರೀಡುಗಳನ್ನು ಸರದಿಯಲ್ಲಿ ಬಳಸುತ್ತಾರೆ. ಹೊಸ ರೀಡನ್ನು ಮೊದಲ ಕೆಲವು ದಿನ ಹತ್ತು ನಿಮಿಷಕ್ಕಿಂತ ಹೆಚ್ಚು ಊದುವುದಿಲ್ಲ, ಮುಗಿದ ಮೇಲೆ ನೀರಿನಲ್ಲಿ ತೊಳೆದು ಒರೆಸಿ ಚಪ್ಪಟೆ ಗಾಜಿನ ಮೇಲೆ ಇಡುತ್ತಾರೆ. ಒಣಹವೆಯಲ್ಲಿ ತುದಿ ಅಲೆಅಲೆಯಾಗಿ ಸುಕ್ಕಾದರೆ ಇನ್ನೊಂದೆರಡು ನಿಮಿಷ ನೆನೆಸಿ, ಗಾಜಿನ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೇರ ಮಾಡಿಕೊಳ್ಳುತ್ತಾರೆ. ಸುಕ್ಕು ಕಂಡ ಮಾತ್ರಕ್ಕೆ ಸ್ಯಾಂಡ್‌ಪೇಪರ್ ಹಿಡಿಯುವುದಿಲ್ಲ. ಪ್ರತಿ ರೀಡಿನ ಬೆನ್ನಿನ ಹಿಂತುದಿಯಲ್ಲಿ ಪೆನ್ಸಿಲಿನಿಂದ ಯಾವ ಪಕ್ಕ ಭಾರ, ಎಷ್ಟು ಕೆಳಗೆ ಕೂರಿಸಬೇಕು ಎಂದು ಗುರುತು ಹಾಕಿರುತ್ತಾರೆ.

ಈ ಹೊಂದಾಣಿಕೆಗೂ ಒಂದು ಬೆಲೆ ಇದೆ. ಅದೇ ರೀಡಿನಲ್ಲಿ ಬ್ಯಾಂಡಿನ ಜೊತೆ ಜೋರಾಗಿ ನುಡಿಸಿದಾಗ ಮೇಲಿನ ಸ್ವರಗಳಿಗೆ ಹೊಳಪು ಸಾಲುವುದಿಲ್ಲ. ಅಲ್ಲಿಗೆ ಅವರು ಬೇರೆಯೇ ರೀಡ್ ಇಟ್ಟುಕೊಂಡಿದ್ದಾರೆ, ಫೈಲ್ಡ್ ಕೊಯ್ತದ್ದು. ಎರಡೂ ಕೆಲಸಕ್ಕೆ ಒಂದೇ ರೀಡ್ ಹುಡುಕುವ ಯೋಚನೆಯನ್ನು ಸದ್ಯ ಕೈಬಿಟ್ಟಿದ್ದೇವೆ. ಮಂದ್ರದ ಸಿ ಶಾರ್ಪ್ ಮಾತ್ರ ಅಕ್ಕಪಕ್ಕದ ಸ್ವರಗಳಿಗಿಂತ ಈಗಲೂ ತಡವಾಗಿ ಏಳುತ್ತದೆ. ಯಾವ ರೀಡ್ ಹಾಕಿದರೂ ಅಷ್ಟೇ ಆದ್ದರಿಂದ ಅದು ರೀಡಿನದಲ್ಲ, ಆ ಪ್ಯಾಡಿನ ಎತ್ತರದ್ದು ಎಂಬ ಅನುಮಾನವಿದೆ. ಮುಂದಿನ ಸರ್ವೀಸಿನಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ.